ಅಮಾವಾಸ್ಯೆಯಂದು ತಿಳಿಯಾದ ಕಡಲು

ಕಡಲನ್ನು ಬೇಕೆಂದಾಗಲೆಲ್ಲ ಮುಟ್ಟಬಾರದು. ಪರ್ವಕಾಲದಲ್ಲಿ ಮಾತ್ರ, ಅದೂ ಅನುಜ್ಞೆ ಬೇಡಿಕೊಂಡು ಇಳಿಯಬೇಕು ಎಂದು ನನ್ನ ತಂದೆಯವರು ಕಲಿಸಿದ್ದರು. ಈಜನ್ನು ಕಲಿಸಿದವರೂ ಅವರೇ, ದೇವಸ್ಥಾನದ ಕೆರೆಯಲ್ಲಿ. ಕೊಡಿಯಾಲ್‌ಬೈಲಿನ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದಷ್ಟು ವರ್ಷವೂ ಹುಣ್ಣಿಮೆ, ಅಮಾವಾಸ್ಯೆಗಳಂದು ತಣ್ಣೀರುಬಾವಿಗೆ ಹೋಗಿ, ಸಂಕಲ್ಪ ಮಾಡಿ, ದಡದ ಗುಂಟ ಒಂದೆರಡು ತಾಸು ಈಜಿ ಬರುತ್ತಿದ್ದೆ. ನನ್ನ ಪಾಲಿಗೆ ಅದೂ ಒಂದು ಪೂಜೆ.

ಎಂಬತ್ತರ ದಶಕ ಕಾಲಿಡುವ ಹೊತ್ತಿಗೆ ಆ ದಡದಲ್ಲೊಂದು ಬಣ್ಣ ತಯಾರಿಸುವ ಕಾರ್ಖಾನೆ ಎದ್ದಿತು. ಅದು ಈಗ ಇಲ್ಲ. ಅದರ ಹೆಸರನ್ನು ಬರೆದು ಈ ಕಾಗದವನ್ನು ಕೆಡಿಸಲಾರೆ. ಅದರ ಪೈಪು ಕಡಲಿಗೆ ಕಕ್ಕುತ್ತಿದ್ದ ನೀರು ಗೋರಂಟಿ ಹಚ್ಚಿದ ಕೈಯಂತೆ ಕೆಂಪು, ಮೂಗಿಗೆ ಸೂಜಿ ಚುಚ್ಚಿದಂಥ ವಾಸನೆ. ಹತ್ತಾರು ಮಂದಿ ಕೂಡಿ ದಡಕ್ಕೆ ಎಳೆಯುವ ಕೈರಂಪಣಿ ಬಲೆಯಲ್ಲಿ ಸತ್ತ ಮೀನೇ ಹೆಚ್ಚು ಬರತೊಡಗಿತು. ಆ ಬಲೆಯ ಯಜಮಾನರಾಗಿದ್ದ ಹಿರಿಯ ಮೀನುಗಾರರೊಬ್ಬರು ಬರೆಸಿದ ಅರ್ಜಿಗಳಿಗೆ ಕಾರ್ಖಾನೆಯ ಮ್ಯಾನೇಜರ್ ಕೊಟ್ಟ ಉತ್ತರ ಇಷ್ಟೇ: "ಕಡಲು ದೊಡ್ಡದು ಮಾರಾಯ್ರೆ, ನಾಲ್ಕು ಕೊಡ ಬಣ್ಣದ ನೀರಿಗೆ ಅದಕ್ಕೆ ಎಂತ ಆಗ್ತದೆ?"

ನಾನೊಂದು ನಿಶ್ಚಯ ಮಾಡಿದೆ. ತಣ್ಣೀರುಬಾವಿಯಿಂದ ಪಣಂಬೂರಿನವರೆಗೆ, ಆ ಕೆಂಪು ನೀರನ್ನು ಸೀಳಿಕೊಂಡೇ, ಊರವರ ಕಣ್ಣೆದುರು ಈಜುವುದು. ಜೊತೆಯ ದೋಣಿಯಲ್ಲಿ ಸರಕಾರದ ಪರಿಶೀಲನಾಧಿಕಾರಿ ಕುಳಿತು ನೋಡುವುದು. ಕಡಲು ಕೆಟ್ಟಿದೆಯೆಂದು ಅವರು ಬರೆದರೆ ಪೈಪಿಗೆ ಬಿರಡೆ ಬೀಳಬೇಕು. ಅಧಿಕಾರಿ ಒಪ್ಪಿದರು. ಪುಷ್ಯ ಮಾಸದ ಅಮಾವಾಸ್ಯೆಯೆಂದು ಪತ್ರಿಕೆಯಲ್ಲಿ ಪ್ರಕಟಿಸಿದೆ.

"ಅಷ್ಟು ದಿನ ಯಾಕೆ ಕಾಯುದು ಮಾಸ್ಟ್ರೇ? ನಾಳೆಯೇ ಹಾರಿ," ಎಂದರು ಆ ಹಿರಿಯ ಮೀನುಗಾರರು.

"ಪರ್ವದ ದಿನವಲ್ಲದೆ ನಾನು ಕಡಲು ಮುಟ್ಟುವ ಹಾಗಿಲ್ಲ."

"ನಿಮ್ಮ ಕಡಲು ತಿಂಗಳಿಗೆರಡು ದಿನದ್ದು. ನಮ್ಮದು ದಿನಾ ಉಂಟು. ಚೌತಿಯ ದಿನ ಮೀನು ಸಾಯುದಿಲ್ವಾ?"

ನಾನು ನಕ್ಕುಬಿಟ್ಟೆ. ಆ ನಗುವನ್ನು ನೆನೆದರೆ ಇಂದಿಗೂ ನನ್ನ ಮೇಲೆಯೇ ನನಗೆ ಸಿಟ್ಟು ಬರುತ್ತದೆ.

ಅಮಾವಾಸ್ಯೆಯ ಬೆಳಿಗ್ಗೆ ವರುಣನನ್ನು ಪ್ರಾರ್ಥಿಸಿ ಇಳಿದೆ. ಕೈ ಬೀಸಿದಷ್ಟೂ ತಿಳಿನೀರು. ಪೈಪಿನ ಎದುರು ಬಂದಾಗ ತಲೆಯೆತ್ತಿ ನೋಡಿದೆ: ಅದರ ಬಾಯಿ ಒಣಗಿತ್ತು. ದೋಣಿಯಲ್ಲಿದ್ದ ಅಧಿಕಾರಿ ಬಗ್ಗಿ ನೀರನ್ನು ಮುಟ್ಟಿ, ಮೂಸಿ, ತಲೆದೂಗಿದರು. ಹುಟ್ಟು ಹಾಕುತ್ತಿದ್ದ ಮೀನುಗಾರರು ನನ್ನ ಮುಖವನ್ನೇ ನೋಡಲಿಲ್ಲ.

ಪಣಂಬೂರಿನ ದಡದಲ್ಲಿ ಮ್ಯಾನೇಜರ್ ಹಾರ ಹಿಡಿದು ನಿಂತಿದ್ದ. "ನಮ್ಮ ಕಡಲು ಎಷ್ಟು ಶುದ್ಧ ಅಂತ ಮಾಸ್ಟ್ರು ಈಜಿಯೇ ತೋರಿಸಿದ್ರು!" ಎಂದು ಎಲ್ಲರಿಗೂ ಕೇಳುವಂತೆ ಕೂಗಿ, ಹಾರ ಹಾಕುವ ನೆಪದಲ್ಲಿ ಕಿವಿಯ ಬಳಿ ಬಾಗಿ ನಕ್ಕ: "ಪಂಚಾಂಗ ನಮ್ಮ ಆಫೀಸಿನಲ್ಲೂ ಉಂಟು ಮಾಸ್ಟ್ರೇ."

ಎರಡು ತಾಸು ಈಜಿದ ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ. ಹಾರವನ್ನು ಕಿತ್ತೆಸೆಯುವಷ್ಟರಲ್ಲಿ ಪತ್ರಿಕೆಯವರು ಚಿತ್ರ ತೆಗೆದಾಗಿತ್ತು. ವ್ರತವನ್ನೇ ಬಲೆಯಾಗಿಸಿ ಹಿಡಿದ ಆ ಧೂರ್ತತನವನ್ನು ನಾನು ಕ್ಷಮಿಸಿಲ್ಲ. ಕ್ಷಮೆಯ ಬಗ್ಗೆ ಮೂವತ್ತು ವರ್ಷ ಪಾಠ ಹೇಳಿದವನು ನಾನು.

ಮರುದಿನವೇ ಪೈಪು ಹರಿಯಿತು. ಚೌತಿಯ ದಿನ, ಯಾರಿಗೂ ಹೇಳದೆ, ಮೀನುಗಾರರ ಮನೆಯ ಮುಂದೆ ಹೋಗಿ ನಿಂತೆ.

"ಇವತ್ತು ಎಂತ ಅಮಾಸೆಯಾ?" ಎಂದು ಕೇಳಿದರು ಅವರು. ನಾನು ತಲೆ ತಗ್ಗಿಸಿದೆ. ಅವರು ದೋಣಿಯನ್ನು ನೀರಿಗೆ ನೂಕಿದರು.

ಹುಟ್ಟಿದಂದಿನಿಂದ ಮೊದಲ ಬಾರಿಗೆ ಅಪರ್ವದಲ್ಲಿ ಕಡಲಿಗಿಳಿದೆ. ಕೆಂಪು ನೀರು ಕಣ್ಣು, ಗಂಟಲುಗಳನ್ನು ಸುಟ್ಟಿತು; ಉಟ್ಟ ಪಂಚೆ, ಜನಿವಾರ ಎರಡಕ್ಕೂ ಬಣ್ಣ ಹಿಡಿಯಿತು. ಅದೇ ಒದ್ದೆಯಲ್ಲಿ ನನ್ನನ್ನು ದೋಣಿಗೆ ಎತ್ತಿಕೊಂಡು, ಅಳಿವೆ ದಾಟಿಸಿ ಬಂದರಿಗೆ ತಂದರು. ಅಲ್ಲಿಂದ ಇಬ್ಬರೂ ನಡೆದೇ ಅಧಿಕಾರಿಯ ಕಚೇರಿಗೆ ಹೋದೆವು.

"ಈ ಬಣ್ಣ ನೋಡಿ. ಈಗಲೇ ಬನ್ನಿ, ದೋಣಿ ಕಾಯುತ್ತಿದೆ," ಎಂದೆ.

"ವರದಿ ಹೋಗಿ ಆಯ್ತಲ್ಲ ಮಾಸ್ಟ್ರೇ. ಕಡಲು ಸರಿ ಉಂಟು ಅಂತ ಬರ್ದಾಗಿದೆ." ಅವರ ದೃಷ್ಟಿ ನನ್ನ ಪಾದಗಳ ಮೇಲಿತ್ತು. "ಸ್ವಲ್ಪ ಹೊರಗೆ ನಿಲ್ಲಿ. ಮೊನ್ನೆಯಷ್ಟೇ ಹಾಕಿಸಿದ ನೆಲ, ಕಲೆ ಆಗ್ತದೆ."

ನಾನು ಹೊರಗೆ ಹೋಗಲಿಲ್ಲ. ಪಂಚೆಯ ಸೆರಗನ್ನು ಎರಡು ಕೈಗಳಲ್ಲಿ ಹಿಡಿದು, ಅವರ ಮೇಜಿನ ಬುಡದಲ್ಲೇ ಕೊನೆಯ ಹನಿಯವರೆಗೆ ಹಿಂಡಿದೆ.

ಪೈಪು ಮುಚ್ಚಲಿಲ್ಲ. ಮುಂದೆ ಹಲವು ವರ್ಷ ಹರಿಯಿತು. ಆ ಹಿರಿಯ ಮೀನುಗಾರರು ಕೈರಂಪಣಿಯನ್ನು ಮಾರಿ ದೂರದ ದಡಕ್ಕೆ ಹೋದರು.

ಅಪರ್ವದಲ್ಲಿ ಕಡಲು ಮುಟ್ಟಿದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದು ಮನೆಯ ಪುರೋಹಿತರು ಹೇಳಿದರು, ಶ್ರದ್ಧೆಯಿಂದ ಮಾಡಿಕೊಂಡೆ. ಆ ಕಚೇರಿಯ ನೆಲಕ್ಕೆ ಹಿಡಿಸಿದ ಬಣ್ಣಕ್ಕಾಗಿ ಯಾವ ಪ್ರಾಯಶ್ಚಿತ್ತವನ್ನೂ ಮಾಡಿಕೊಳ್ಳಲಿಲ್ಲ.