ಅಕ್ಕನ ನಡು

"ನಿಮ್ ತಂಗಿ ಎಷ್ಟು ಸಣ್ಣಗೆ, ಲಕ್ಷಣವಾಗಿದಾರಲ್ಲ!" ಚಿಕ್ಕಬಳ್ಳಾಪುರದ ಮದುವೆಯೊಂದರಲ್ಲಿ ಯಾರೋ ಹೆಂಗಸು ನನ್ನ ಅಕ್ಕನನ್ನು ತೋರಿಸಿ ನನಗೇ ಹೇಳಿದರು. ತಂಗಿ ನಾನು ಕಣ್ರೀ! ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಬಾಯಲ್ಲಿದ್ದ ಹೋಳಿಗೆ ಬಾಯಲ್ಲೇ ಉಳಿಯಿತು. ನಕ್ಕೆ. ಒಳಗೆ ಮಾತ್ರ ಹೊಟ್ಟೆ ಧಗಧಗ ಉರಿಯಿತು.

ಮುಚ್ಚಿಟ್ಟು ಏನು ಪ್ರಯೋಜನ? ಅಕ್ಕನಿಗೆ ಎಲ್ಲವೂ ಇತ್ತು. ಬಣ್ಣ, ಮಾರ್ಕ್ಸು, ಹಾಡುವ ಕಂಠ, ಅಪ್ಪನ ಮುದ್ದು, ಎಲ್ಲ. ನನಗಿದ್ದದ್ದು ಸಣ್ಣ ನಡು ಒಂದೇ. "ಚಿಕ್ಕೋಳು ಕಡ್ಡಿ ಇದ್ದಂಗವಳೆ, ಏನುಟ್ರೂ ಒಪ್ತದೆ" ಎಂದು ನೆಂಟರು ಹೇಳುವಾಗ ಅಕ್ಕ ಸೆರಗು ಎಳೆದು ಹೊಟ್ಟೆ ಮುಚ್ಚಿಕೊಳ್ಳುತ್ತಿದ್ದಳು. ನಾನು ಬೇಕೆಂದೇ ಅವಳ ಪಕ್ಕ ಹೋಗಿ ನಿಲ್ಲುತ್ತಿದ್ದೆ. ಎರಡು ಹೆರಿಗೆಯಾದ ಮೇಲೆ ನಾನೂ ಊದಿಕೊಂಡೆ, ನಿಜ. ಆದರೆ ಅವಳು ನನಗಿಂತ ದಪ್ಪ ಇದ್ದಾಳೆ ಅನ್ನುವ ಧೈರ್ಯದ ಮೇಲೆ ನೆಮ್ಮದಿಯಾಗಿದ್ದೆ. ಈಗ ಅದನ್ನೂ ಹೊಡೆದುಕೊಂಡಳಲ್ಲ ಮಹಾರಾಯ್ತಿ!

"ಏನೇ ಮಾಡ್ದೆ?" ಎಂದು ಕೈತೊಳೆಯುವ ಕಡೆ ಅಕ್ಕನನ್ನು ಹಿಡಿದುಕೊಂಡು ಕೇಳಿದೆ.

"ಏನಿಲ್ಲ ಕಣೇ, ಇಂಟರ್‌ಮಿಟೆಂಟ್ ಫಾಸ್ಟಿಂಗು. ತಿನ್ನೋದೆಲ್ಲ ಎಂಟು ಗಂಟೆ ಒಳಗೆ ತಿಂದ್ಬಿಡೋದು, ಮಿಕ್ಕ ಹದಿನಾರು ಗಂಟೆ ಬರೀ ನೀರು. ಒಪ್ಪತ್ತು ಇದ್ದಂಗೆ ಅಂತಿಟ್ಕೋ."

ಒಪ್ಪತ್ತು ನನಗೇನು ಹೊಸದೇ? ಗೌರಿಬಿದನೂರಿನ ನಮ್ಮ ಮನೆಯಲ್ಲಿ ಅತ್ತೆ ಪ್ರತಿ ಶನಿವಾರ ಒಪ್ಪತ್ತು. ಮಧ್ಯಾಹ್ನ ಒಂದು ಹೊತ್ತು ಊಟ. ರಾತ್ರಿ ಅನ್ನ, ಮುದ್ದೆ ಮುಟ್ಟುವಂತಿಲ್ಲ, ತಿಂಡಿ ಮಾತ್ರ. ಅದೇ ಲೆಕ್ಕದಲ್ಲಿ ನಾನೂ ದಿನಾ ಶುರು ಮಾಡಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎಲ್ಲರ ಮೇಲೂ ಸಿಡುಕುತ್ತಿದ್ದೆ. ರಾತ್ರಿ ಎಲ್ಲರೂ ಮುದ್ದೆ ಮುರಿಯಲು ಕೂತಾಗ ಅತ್ತೆಗೆ ನನ್ನ ಮುಖ ನೋಡಲು ಆಗುತ್ತಿರಲಿಲ್ಲ. "ತಿನಮ್ಮಾ, ಉಪ್ಪಿಟ್ಟೇನು ಊಟಾನಾ?" ಎಂದು ತೆಲುಗು ಬೆರೆಸಿ ಗದರಿ, ಅವರೆಕಾಳು ಹಾಕಿದ ಉಪ್ಪಿಟ್ಟು ಬಡಿಸುತ್ತಿದ್ದರು. ಅವರು ಹೇಳಿದ್ದು ಸರಿಯೇ ಅನ್ನಿಸುತ್ತಿತ್ತು. ಮಾವ "ನಂಗೂ ಒಂಚೂರು" ಅನ್ನುವರು. ಮಕ್ಕಳು ನನ್ನ ತಟ್ಟೆಗೇ ಕೈ ಹಾಕುವರು. "ಉಪವಾಸ ಭಾರಿ ಜೋರು" ಎಂದು ಗಂಡ ರೇಗಿಸುವರು. ಒಂದು ದಿನ ದೋಸೆಯಾದರೆ ಇನ್ನೊಂದು ದಿನ ಅಕ್ಕಿ ರೊಟ್ಟಿ. ತಿಂಗಳು ಕಳೆದು ತೂಕ ನೋಡಿಕೊಂಡರೆ, ಇಳಿಯುವುದಿರಲಿ, ಏರಿತ್ತು.

ಅಕ್ಕ ಏನೋ ಮುಚ್ಚಿಡುತ್ತಿದ್ದಾಳೆ ಅನ್ನಿಸಿತು. ಮಾತ್ರೆ ನುಂಗುತ್ತಾಳೆ, ಕಳ್ಳಿ! ಹೇಳದೆ ಕೇಳದೆ ಚಿಂತಾಮಣಿಗೆ ಹೋಗಿ ಅವಳ ಮನೆ ಬಾಗಿಲು ತಟ್ಟಿದೆ. ಭಾವನಿಗೆ ಬಳ್ಳಾರಿಗೆ ವರ್ಗವಾಗಿತ್ತು, ಮಗಳು ಹಾಸ್ಟೆಲಿನಲ್ಲಿದ್ದಳು. ಅಕ್ಕ ಒಬ್ಬಳೇ. ಅವಳು ಬಟ್ಟೆ ತರಲು ಮಹಡಿಗೆ ಹೋದಾಗ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ಮೂಸಿದೆ. ಮೆಂತ್ಯ, ಜೀರಿಗೆ, ಹುರಿಗಡಲೆ ಬಿಟ್ಟರೆ ಏನೂ ಇಲ್ಲ. ಮಧ್ಯಾಹ್ನ ಮುದ್ದೆ, ಬಸ್ಸಾರು ನನ್ನಷ್ಟೇ ಹೊಡೆದಳು. ಸಂಜೆ ಒಂದು ಸೀಬೆಹಣ್ಣು ತಿಂದು, ಒಲೆ ಒರೆಸಿ, ಅಡಿಗೆಮನೆಯ ದೀಪ ಆರಿಸಿದಳು.

"ರಾತ್ರಿಗೆ ತಿಂಡಿ ಏನ್ಮಾಡ್ತೀಯೇ?" ಅಂದೆ.

"ತಿಂಡಿನಾ? ಫಾಸ್ಟಿಂಗಲ್ವೇನೇ?"

"ಫಾಸ್ಟಿಂಗೇ. ತಿಂಡಿ ಊಟ ಅಲ್ವಲ್ಲ!"

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು ಗೋಡೆ ಹಿಡಿದು ಕೂತೇ ಬಿಟ್ಟಳು. "ಅಯ್ಯೋ ನನ್ ಬಂಗಾರಿ, ದಿನಾ ಉಪ್ಪಿಟ್ಟು ತಿಂದ್ಕೊಂಡು ಉಪವಾಸ ಇದ್ಯಾ?" ಎಂದು ಕಣ್ಣು ಒರೆಸಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಇದರಲ್ಲೂ ಗೆದ್ದಳಲ್ಲ!

"ಯಾರು ಮಾಡ್ಕೊಡೋದು?" ಎಂದು ಕೇಳಿದಳು.

"ಇನ್ಯಾರು, ನಮ್ಮತ್ತೆ. ಬೇಡ ಅಂದ್ರೂ ಬಿಡಲ್ಲ."

"ಎಲ್ರೂ ಒಟ್ಗೇ ಕೂತ್ಕೋತೀರಾ?"

"ಹೂಂ. ಸದ್ದೋ ಸದ್ದು."

ಅವಳ ನಗು ನಿಂತಿತ್ತು. ಸುಮ್ಮನೆ ನೆಲದ ಮೇಲೆ ಬೆರಳಾಡಿಸುತ್ತಿದ್ದಳು. "ನಿಂಗೇನಮ್ಮ" ಅಂದಳು. ಆ ಮಾತಿನ ಧಾಟಿ ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಅವಳನ್ನು ಕಂಡಾಗಲೆಲ್ಲ ನಾನು ಅಂದುಕೊಂಡದ್ದೇ ಅದು.

"ನಾನೇನು ಸಣ್ಣ ಆಗ್ಬೇಕು ಅಂತ ಶುರು ಮಾಡ್ಲಿಲ್ಲ ಕಣೇ. ಒಬ್ಳಿಗೋಸ್ಕರ ಯಾರು ಒಲೆ ಹಚ್ಚಿ ಮುದ್ದೆ ತೊಳ್ಸ್ತಾರೆ ಅಂತ ರಾತ್ರಿ ಊಟ ಬಿಟ್ಟೆ. ಆಮೇಲೆ ಯಾರೋ ಅದಕ್ಕೊಂದು ಇಂಗ್ಲಿಷ್ ಹೆಸರಿದೆ ಅಂದ್ರು."

ಬಸ್ಸಿಗೆ ಹೊತ್ತಾಯಿತೆಂದು ಬ್ಯಾಗು ಎತ್ತಿಕೊಂಡೆ. ಅಕ್ಕ ಅದರ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇವತ್ತೊಂದಿನ ಇರೇ. ನೀನಿದ್ರೆ ನಾನೂ ಉಣ್ತೀನಿ."