ಉಡಿ ತುಂಬಿದ ಬಂದೂಕು

ಹೋದ ವಾರ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಂದು ಎಣ್ಣೆ ಅಂಗಡಿಯ ಮುಂದೆ ಹಾದು ಹೋಗುವಾಗ ಅಗಸೆ ಎಣ್ಣೆಯ ವಾಸನೆ ಬಂತು. ಅಂಗಡಿಯವನು ಡಬ್ಬಿಯಿಂದ ಬಾಟಲಿಗೆ ಸುರಿಯುತ್ತಿದ್ದ. ಮೂಟೆ ಹೊತ್ತವರು ಹಿಂದಿನಿಂದ "ಸರೀರಿ, ಸರೀರಿ" ಎಂದು ಕೂಗುತ್ತಿದ್ದರು. ನಾನು ಸರಿಯದೆ ನಿಂತೆ. ಅಗಸೆ ಎಂದರೆ ಉಳಿದವರಿಗೆ ಚಟ್ನಿಪುಡಿ ನೆನಪಾಗುತ್ತದೆ, ನನಗೆ ಬಂದೂಕು. ನನ್ನ ದೊಡ್ಡಪ್ಪ ಭಾನುವಾರ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಒಂದು ಹಳೆಯ ಪಂಚೆಯ ತುಂಡನ್ನು ಆ ಎಣ್ಣೆಯಲ್ಲಿ ಅದ್ದಿ ಬಂದೂಕುಗಳ ಮರದ ಹಿಡಿಗಳಿಗೆ ತಿಕ್ಕುತ್ತಿದ್ದ. ಎಳೆಗೂಸಿನ ಮೈಗೆ ಎಣ್ಣೆ ಹಚ್ಚುವ ಬಾಣಂತಿಯರೂ ಅಷ್ಟು ಹುಷಾರಾಗಿ ಹಚ್ಚುವುದನ್ನು ನಾನು ಕಂಡಿಲ್ಲ. ಆ ಓಣಿಯ ಕೊನೆಯಲ್ಲೇ ಅವನ ಮನೆಯಿತ್ತು. ಈಗ ಅಲ್ಲಿ ಜೀನ್ಸ್ ಪ್ಯಾಂಟಿನ ಅಂಗಡಿ. ಪಡಸಾಲೆ ಇದ್ದ ಜಾಗದಲ್ಲಿ ಪ್ಯಾಂಟುಗಳು ಸಾಲಾಗಿ ನೇತಾಡುತ್ತವೆ. ಇಂಥದೊಂದು ಮನೆ ನಿಮಗೂ ಇದ್ದಿರಬೇಕು, ಅದರ ಜಾಗದಲ್ಲಿ ಮತ್ತೇನೋ ನೇತಾಡುತ್ತಿರಬೇಕು.

ದೊಡ್ಡಪ್ಪನದು ಅಕ್ಕಿ ವ್ಯಾಪಾರ. ಸಿರುಗುಪ್ಪದ ಗಿರಣಿಗಳಿಗೆ ಅಕ್ಕಿ ನೋಡಲು ಹೋದವನು ಮರಳುವಾಗ ಜೇಬಿನಲ್ಲಿ ಅಕ್ಕಿಯ ಮಾದರಿಯ ಜೊತೆಗೆ ಯಾವುದೋ ಪಲ್ಟಣದ ಟೋಪಿಯ ಬಿಲ್ಲೆಯನ್ನೋ, ಬಣ್ಣಗೆಟ್ಟ ಪಟ್ಟಿಯ ಪದಕವನ್ನೋ ತರುತ್ತಿದ್ದ. ಬಳ್ಳಾರಿಯಲ್ಲಿ ಹಿಂದೆ ದಂಡು ಬೀಡುಬಿಟ್ಟಿತ್ತು. ದಂಡು ಹೋದರೂ ಅದರ ಗುಂಡಿ, ಬಿಲ್ಲೆ, ಬಕಲುಗಳು ಗುಜರಿ ಅಂಗಡಿಗಳಲ್ಲಿ ಉಳಿದಿದ್ದವು. ಹಣೆ ತುಂಬ ವಿಭೂತಿ ಧರಿಸುವ, ಜಿರಳೆಯನ್ನು ಕಾಗದದ ಮೇಲೆ ಎತ್ತಿ ಬೀದಿಗೆ ಬಿಟ್ಟುಬರುವ ಈ ಮನುಷ್ಯ ಜೀವಮಾನದಲ್ಲಿ ಒಂದು ಗುಂಡು ಹಾರಿಸಿದವನಲ್ಲ. ಆದರೆ ಪದಕಗಳ ಪೆಟ್ಟಿಗೆ ತೆರೆದು ಕೂತನೆಂದರೆ ಅವನ ಮುಖದಲ್ಲಿ ಏಳು ಸಮುದ್ರದಾಚೆಯ ಸೇನಾಧಿಪತಿಯ ಕಳೆ ಬರುತ್ತಿತ್ತು. ಆ ಕೋಣೆಯನ್ನು ಅವನು ಶಸ್ತ್ರಾಗಾರ ಎನ್ನುತ್ತಿದ್ದ, ದೊಡ್ಡವ್ವ ಗುಜರಿ ಖೋಲಿ ಎನ್ನುತ್ತಿದ್ದಳು. ಪದಕ ಗುರುತಿಸುವುದನ್ನು ಅವನು ನನಗೆ ಕಲಿಸಿದ. ಮುಖ ನೋಡಬೇಡ, ಅಂಚು ನೋಡು ಎಂದು ಭೂತಗನ್ನಡಿ ಕೈಗಿಡುತ್ತಿದ್ದ. ಸಿಪಾಯಿಯ ಹೆಸರು, ಪಲ್ಟಣದ ಹೆಸರು ಆ ಸಣ್ಣ ಅಂಚಿನಲ್ಲಿ ಕೊರೆದಿರುತ್ತಿತ್ತು. "ಮ್ಯಾಲ ಇರಾಂವ ದೊರಿ, ಅವನ ಹೆಸರು ಎಲ್ಲಾರಿಗೂ ಗೊತ್ತು. ಅಂಚಿನ್ಯಾಗ ಇರಾಂವ ನಮ್ಮಾಂವ. ನೀ ಅವನ್ನ ಓದು."

ಒಂದು ಸಲ ಅವನು ಊರಲ್ಲಿಲ್ಲದಾಗ ದೊಡ್ಡವ್ವ ಪದಕಗಳು ಕಪ್ಪಾಗಿವೆ ಎಂದು ಮರುಗಿ, ಪೂಜೆಯ ಸಾಮಾನಿನ ಜೊತೆಗೆ ಅವನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದಳು. ದೊರೆಯ ಮೂಗು ಹೋಯಿತು. ಅಂಚಿನ ಹೆಸರುಗಳು ಅರ್ಧಕ್ಕರ್ಧ ಅಳಿಸಿದವು. ದೊಡ್ಡಪ್ಪ ಬಂದು ನೋಡಿ ಊಟ ಬಿಟ್ಟ. ಮರುದಿನ ಒಂದು ರಾಜಾಜ್ಞೆ ಹೊರಟಿತು: ಈ ಕೋಣೆಗೆ ಬಂದ ಯಾವ ವಸ್ತುವನ್ನೂ ಯಾರೂ ತೊಳೆಯಕೂಡದು, ಬಿಚ್ಚಕೂಡದು, ಕೆದಕಕೂಡದು, ಬಂದ ಹಾಗೆಯೇ ಇರತಕ್ಕದ್ದು. ಈ ಆಜ್ಞೆಗೆ ಎಲ್ಲರಿಗಿಂತ ಹೆಚ್ಚು ತಲೆಬಾಗಿದವನು ಅವನೇ. ಆಮೇಲೆ ನಡೆದದ್ದಕ್ಕೆಲ್ಲ ಅದೇ ಮೂಲ.

ಕುರುಗೋಡಿನ ಬೆಟ್ಟದ ಬುಡದಲ್ಲಿ ಹಂಪಮ್ಮ ಎಂಬ ಮುದುಕಿಯ ಮನೆಯಲ್ಲಿ ತಲೆತಲಾಂತರದಿಂದ ಒಂದು ಬಂದೂಕು ಇತ್ತು. ನಳಿಗೆಯ ಬಾಯಿಂದ ಮದ್ದು, ಗುಂಡು ಹಾಕಿ ಗಜ ಎಂಬ ಉದ್ದ ಕೋಲಿನಿಂದ ಜಡಿಯುವ ಹಳೆಯ ಕಾಲದ್ದು. ಮಣ್ಣಿನ ಗೋಡೆ ಕೆಡವಿ ಸಿಮೆಂಟಿನ ಮನೆ ಕಟ್ಟಿಸುವಾಗ ಅದನ್ನು ಇಡಲು ಜಾಗವಿಲ್ಲವೆಂದು ದೊಡ್ಡಪ್ಪನಿಗೆ ಕೊಟ್ಟಳು. ಆಯುಧ ಪೂಜೆ ತಪ್ಪಿಸಬಾರದು, ಪೂಜೆಗೆ ತಾನೂ ಬರುತ್ತೇನೆ ಎಂಬ ಕರಾರಿನ ಮೇಲೆ. ದೊಡ್ಡಪ್ಪ ಬೇಕಾದ ಕಾಗದಪತ್ರ ಮಾಡಿಸಿ ಅದನ್ನು ಮದುಮಗಳ ಹಾಗೆ ಮನೆ ತುಂಬಿಸಿಕೊಂಡ. ನಳಿಗೆಯ ಬಾಯಿಗೆ ಹಸಿರು ಬಟ್ಟೆ ಗಿಡಿದಿತ್ತು. ದೂಳು ಹೋಗಬಾರದೆಂದು ಸಿಪಾಯಿಗಳೇ ಹಾಕಿದ್ದು ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದ. ದೊಡ್ಡವ್ವ ಬಗ್ಗಿ ನೋಡಿ, "ಇದು ಕುಬಸದ ಖಣ. ದಂಡಿನ್ಯಾಗ ಸಿಪಾಯಿಗೋಳು ಕುಬಸ ತೊಡ್ತಿದ್ರೇನು?" ಎಂದು ಕೇಳಿದಳು. ಇತಿಹಾಸದ ವಿಷಯದಲ್ಲಿ ಹೆಂಗಸರ ಅವಸರದ ಬಗ್ಗೆ ಅವನು ಒಂದು ಗಂಭೀರ ನಿಟ್ಟುಸಿರು ಬಿಟ್ಟ. ಬಟ್ಟೆ ಕೀಳಲಿಲ್ಲ. ಬಂದ ಹಾಗೆಯೇ ಇರತಕ್ಕದ್ದಲ್ಲವೆ?

ಆ ವರ್ಷದ ಆಯುಧ ಪೂಜೆಗೆ ಪಡಸಾಲೆಯಲ್ಲಿ ಕಂಬಳಿ ಹಾಸಿ ಬಂದೂಕುಗಳನ್ನು ಮಲಗಿಸಿದ್ದರು. ಕುರುಗೋಡಿನದು ನಟ್ಟನಡುವೆ, ಚೆಂಡುಹೂವಿನ ಸರ ಹಾಕಿಕೊಂಡು, ಬಾಯಿ ಅಡುಗೆಮನೆಯ ಕಡೆಗೆ ಮಾಡಿಕೊಂಡು. ಅಡುಗೆಮನೆಯ ಬಾಗಿಲಲ್ಲಿ ದೊಡ್ಡವ್ವ ಹೋಳಿಗೆ ಲಟ್ಟಿಸುತ್ತ ಕೂತಿದ್ದಳು. ನಂಟರು ಸೇರಿದ್ದರು. ಹಂಪಮ್ಮ ಬೆಳಗಿನ ಬಸ್ಸಿಗೇ ಬಂದಿದ್ದಳು. ದೊಡ್ಡಪ್ಪ ಕರ್ಪೂರ ಹಚ್ಚಿದ ಆರತಿ ತಟ್ಟೆ ಎತ್ತಿ, ಮಂತ್ರ ಹೇಳುತ್ತ, ನಳಿಗೆಯ ಬುಡಕ್ಕೆ ಬಂದ. ಕಿಡಿ ಒಳಗೆ ಹೋಗುವ ಸಣ್ಣ ತೂತು ಇರುವುದು ಅಲ್ಲೇ. ಆಗ ಹಂಪಮ್ಮ ಸೆರಗಿನ ಗಂಟು ಬಿಚ್ಚಿದಳು.

"ತಡೀರಿ ಸಾವ್ಕಾರ್ರ. ಮೊದ್ಲು ಉಡಿ ತುಂಬೂನು."

"ಯಾರ ಉಡಿ ಅಜ್ಜಿ?"

"ಬಂದೂಕಿಂದ್ರಿ. ಮತ್ಯಾರ್ದು? ಹ್ವಾದ ವರ್ಷದ್ದು ಒಳಗ ಐತಿ. ಈ ವರ್ಷದ್ದು ಮ್ಯಾಲ ಹಾಕೂದು. ಮನಿ ಕಾಯೂ ಬಂದೂಕು ಬರಿದು ಇರಬಾರ್ದು ಅಂತ ನಮ್ಮತ್ತಿ, ಅವರತ್ತಿ, ಎಲ್ಲಾರೂ ತುಂಬ್ಯಾರ."

ದೊಡ್ಡಪ್ಪನ ಮಂತ್ರ ನಿಂತಿತು. ತಟ್ಟೆ ಹಿಡಿದ ಕೈಯೂ ಇದ್ದಲ್ಲೇ ನಿಂತಿತು. "ಒಳಗ ಏನೇನ್ ಹಾಕೀರಿ?"

"ಅಕ್ಕಿ, ಅರಿಷಿಣ ಕೊಂಬು, ಅಡಿಕಿ."

"ಅಷ್ಟ?"

"ಒಂದ್ ಚಿಟಿಕಿ ಮದ್ದು ಹಾಕಬೇಕಲ್ರಿ. ಅದರ ಊಟ ಅದು."

ಮಡಿಸಿದ ಕಾಗದವೊಂದನ್ನು ಅವಳು ಬಿಚ್ಚಿ ತೋರಿಸಿದಳು. ಕಪ್ಪು ಪುಡಿ. ತಟ್ಟೆಯ ಮೇಲೆ ಕರ್ಪೂರ ಉರಿಯುತ್ತ ಅಂಚಿನ ಕಡೆಗೆ ಜಾರತೊಡಗಿತು. ದೊಡ್ಡಪ್ಪನಿಗೆ ಅದು ಕಾಣುತ್ತಿತ್ತು, ಕೈ ಮಾತ್ರ ಬರುತ್ತಿರಲಿಲ್ಲ. ನಾನು ಮಾಳಿಗೆಯ ಮೆಟ್ಟಿಲ ಮೇಲೆ ಕೂತವನು ಆ ಉರಿಯನ್ನೂ, ಬಂದೂಕಿನ ಬಾಯಿಗೆ ನೇರವಾಗಿ ಕೂತ ದೊಡ್ಡವ್ವನನ್ನೂ ಒಟ್ಟಿಗೆ ನೋಡುತ್ತಿದ್ದೆ. ಎದ್ದವಳು ಅವಳೇ. ಹಿಟ್ಟಿನ ಕೈಯಲ್ಲೇ ಬಂದು, ಸೆರಗಿನಿಂದ ತಟ್ಟೆ ಕಸಿದು, ಕುಡಿಯುವ ನೀರಿನ ಕೊಡದಲ್ಲಿ ಅದ್ದಿದಳು. ಚುಂಯ್ ಎಂದಿತು. ಬೆಳಗುವ ಆರತಿಯನ್ನು ನೀರಿಗೆ ಹಾಕಿದ್ದನ್ನು ನಮ್ಮ ವಂಶದಲ್ಲಿ ಯಾರೂ ಕೇಳಿರಲಿಲ್ಲ, ಕಂಡಿರಲಿಲ್ಲ.

"ನನ್ನ ಕಡೀಗೇ ಮಾರಿ ಮಾಡಿ ಇಟ್ಟೀರಿ," ಅಂದಳು. ದನಿ ಏರಿರಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

"ಏ, ಹಳೇ ಮದ್ದು. ಎಂದೋ ಉದುರಿ ಹೋಗಿರ್ತೈತಿ," ಎಂದ ದೊಡ್ಡಪ್ಪ. "ಮುದುಕಿ ಹೇಳ್ತಾಳ ಅಂತ ನೀ ನಂಬ್ತೀಯಲ್ಲ."

"ಹಂಗಾದ್ರ ಗಜ ಹಾಕಿ ನೋಡ್ರಿ. ಖಾಲಿ ಇದ್ರ ನಾ ಸಾಯೂತನ ತುಟಿ ಬಿಚ್ಚಂಗಿಲ್ಲ. ತುಂಬಿದ್ರ ಇದೂ ಹೋಗಬೇಕು, ಗೋಡಿ ಮ್ಯಾಲಿನವೂ ಹೋಗಬೇಕು, ನಿಮ್ಮ ಬಿಲ್ಲಿ, ಪದಕ ಎಲ್ಲಾನೂ. ಹೂಂ ಅನ್ರಿ."

ಬಂದ ನಂಟರ ಎದುರಿಗೆ ಅವನು ಹೂಂ ಅಂದ. ಇಪ್ಪತ್ತೈದು ವರ್ಷ ಕೂಡಿಸಿದ್ದೆಲ್ಲ ಆ ಒಂದು ಹೂಂ ಒಳಗೆ ಇತ್ತು.

ಬಂದೂಕನ್ನು ಹಿತ್ತಲಿಗೆ ಒಯ್ದದ್ದು ಹಂಪಮ್ಮ. ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಅವಳು, "ನಮ್ಮನಿ ಕೂಸು, ನನಗೇನ್ ಮಾಡೀತು?" ಎಂದು ಕಂಕುಳಿಗೆತ್ತಿಕೊಂಡು ನಡೆದೇಬಿಟ್ಟಳು. ಬಾವಿಕಟ್ಟೆಗೆ ಒರಗಿಸಿ, ತುರುಬಿನ ಪಿನ್ನಿನಿಂದ ಹಸಿರು ಖಣ ಎಳೆದು ತೆಗೆದಳು. ದೊಡ್ಡಪ್ಪ ಚೊಂಬಿನಿಂದ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು, ಕಾದು, ಮತ್ತೆ ಬಿಟ್ಟ. ಆಮೇಲೆ ಗಜ ಇಳಿಸಿದ. ಇಳಿಯಿತು, ಇಳಿಯಿತು, ನಿಂತಿತು. ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಹೊರಗೆ ತೆಗೆದ. ಇನ್ನು ಅದನ್ನು ನಳಿಗೆಯ ಹೊರಮೈಗೆ ಹಿಡಿದು ಅಳೆಯಬೇಕು: ಬುಡ ಮುಟ್ಟಿದರೆ ಖಾಲಿ, ಮುಟ್ಟದಿದ್ದರೆ ಒಳಗೆ ಏನೋ ಇದೆ. ದೊಡ್ಡವ್ವ ದೂರದ ಬಾಗಿಲಲ್ಲಿ ನಿಂತಿದ್ದಳು. ಹಂಪಮ್ಮನಿಗೆ ಕಣ್ಣು ಮಂಜು. ಗುರುತು ಇದ್ದದ್ದು ಅವನ ಹೆಬ್ಬೆರಳಿನ ಕೆಳಗೆ ಮಾತ್ರ, ಮತ್ತು ಗಜಕ್ಕೆ ಅಗಸೆ ಎಣ್ಣೆ ಹಚ್ಚಿತ್ತು. ಬೆರಳು ತಾನಾಗಿ ಒಂದು ಗೇಣು ಮೇಲೆ ಜಾರಿ, ಗಜ ಬುಡ ಮುಟ್ಟಿತು ಎಂದರೆ ಯಾವ ದೇವರೂ ಕೇಳುವಂತಿರಲಿಲ್ಲ. ಅವನು ಗಜವನ್ನು ನಳಿಗೆಗೆ ತಾಗಿಸಿ ಬಹಳ ಹೊತ್ತು ಬಗ್ಗಿ ನಿಂತ. ಬೆನ್ನು ಮಾತ್ರ ಕಾಣುತ್ತಿತ್ತು. ಬೆವರಿನಿಂದ ಅಂಗಿ ಅಂಟಿತ್ತು. ಕೊನೆಗೆ, ಪದಕದ ಅಂಚು ಓದುವ ದನಿಯಲ್ಲಿ ಹೇಳಿದ:

"ತುಂಬೈತಿ."

ಅದನ್ನು ಬರಿದು ಮಾಡಲು ಸಂಜೆಯವರೆಗೂ ಹಿಡಿಯಿತು. ನೆನೆಸಿ, ಕೆದಕಿ, ಬಾಗಿಸಿದಂತೆಲ್ಲ ಕಪ್ಪು ರಾಡಿ ಬಂತು. ರಾಡಿಯ ಜೊತೆ ಅಕ್ಕಿ, ಅಡಿಕೆ ಚೂರು, ಇದ್ದಿಲಿನಂತಾದ ಅರಿಷಿಣ ಕೊಂಬುಗಳು. ಹಂಪಮ್ಮ ಒಂದೊಂದನ್ನೇ ಆರಿಸಿ ತೊಳೆದು ಸೆರಗಿಗೆ ಹಾಕಿಕೊಂಡಳು. ಎಲ್ಲಕ್ಕಿಂತ ಕೆಳಗೆ, ಎಲ್ಲರೂ ಮರೆತ ಯಾರೋ ಹಾಕಿದ್ದ ಸೀಸದ ಗುಂಡು ಇತ್ತು, ಅದರ ಹಿಂದೆ ಒಣ ಮದ್ದು. ನೀರು ಅಲ್ಲಿಗೆ ಮುಟ್ಟಿರಲೇ ಇಲ್ಲ. ದೊಡ್ಡಪ್ಪ ಗುಂಡನ್ನು ಅಂಗೈಯಲ್ಲಿಟ್ಟು ನೋಡಿದ. ಅಂದು ಹೋಳಿಗೆಯನ್ನು ಯಾರೂ ಉಣ್ಣಲಿಲ್ಲ.

ಎರಡು ದಿನ ಕಳೆದ ಮೇಲೆ ದೊಡ್ಡವ್ವನೇ, "ಇರ್ಲಿ ಬಿಡ್ರಿ. ಖಾಲಿ ಆತಲ್ಲ," ಎಂದಳು. ಅವನು ಕೇಳಿಸದವನಂತೆ ಪೆಟ್ಟಿಗೆಗೆ ಹುಲ್ಲು ತುಂಬುತ್ತಿದ್ದ. ಹೂಂ ಅಂದದ್ದು ಅವಳಿಗಾದರೂ ಈಗ ಅದು ಅವನ ಸ್ವಂತದ್ದಾಗಿತ್ತು. ಅಂಚಿನ ಹೆಸರು ಓದಲು ಬರುವ ಪದಕಗಳನ್ನು ಸಿರಿಗೇರಿ, ಸಿರುಗುಪ್ಪದ ಕಡೆಯ ಆಯಾ ಮನೆಗಳಿಗೆ ಬಸ್ಸಿನಲ್ಲಿ ಹೋಗಿ ಕೊಟ್ಟುಬಂದ. ಬಂದೂಕುಗಳನ್ನು ಹೈದರಾಬಾದಿನ ಕಡೆಯ ಸಂಗ್ರಹಕಾರರೊಬ್ಬರು ಒಯ್ದರು. ಕುರುಗೋಡಿನದು ಕೂಡ ಅವುಗಳ ಜೊತೆ ಹೋಯಿತು, ಬರಿದಾಗಿ. ಶಸ್ತ್ರಾಗಾರದಲ್ಲಿ ಅಕ್ಕಿ ಮೂಟೆ ಪೇರಿಸಿದರು. ನಾನು ಹೋದಾಗ ದೊಡ್ಡಪ್ಪ ಮೂಟೆಯ ಮೇಲೆ ಕೂತು ಬರೀ ಗೋಡೆ ತೋರಿಸಿ ಹೇಳುತ್ತಿದ್ದ: ಇಲ್ಲಿ ಇಂಥದ್ದು, ಅದರ ಹಿಡಿ ಆಕ್ರೋಟ ಮರದ್ದು, ಅದರ ಪಕ್ಕ ಇಂಥದ್ದು. ಅಡುಗೆಮನೆಯಿಂದ ದೊಡ್ಡವ್ವನ ದನಿ ಬರುತ್ತಿತ್ತು: "ಪಕ್ಕದಾಗಲ್ಲ, ಅದರ ಕೆಳಗಿತ್ತು." ಅವನು ತಿದ್ದಿಕೊಳ್ಳುತ್ತಿದ್ದ.

ಅವನು ಹೋದ ಮೇಲೆ ದೊಡ್ಡವ್ವ ಕೊನೆಯ ಒಂದೆರಡು ವರ್ಷ, ನಾನು ನೌಕರಿಯಲ್ಲಿದ್ದ ಕುಡತಿನಿಯಲ್ಲಿ, ನಮ್ಮ ಜೊತೆಗಿದ್ದಳು. ನನ್ನ ಕ್ವಾರ್ಟರ್ಸಿನ ಬಿಳಿ ಗೋಡೆಯ ಎದುರು ಕುರ್ಚಿ ಹಾಕಿಕೊಂಡು ಕೂರುವಳು. ಒಂದು ಮಧ್ಯಾಹ್ನ ಕೈಯೆತ್ತಿ ಆ ಗೋಡೆಯ ಒಂದು ಮೂಲೆ ತೋರಿಸಿ ಕೇಳಿದಳು, "ಕಿಟಕಿ ಬಾಜೂಕ ಇದ್ದದ್ದು ಯಾವ್ದೋ ಅದು?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಅವಳಿಗೂ ಬರಲಿಲ್ಲ. ಚಹ ಆರುವವರೆಗೆ ಇಬ್ಬರೂ ಗೋಡೆ ನೋಡುತ್ತ ಕೂತೆವು.