ಹೊಟ್ಟೆಯಡಿಯ ಏಳನೇ ಸಿಕ್ಕು

ಓಣಿಯ ಜನ ಅವಳನ್ನು ಬೆಕ್ಕಕ್ಕ ಎನ್ನುತ್ತಾರೆ. ಊರವರ ಬೆಕ್ಕುಗಳಿಗೆ ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ಕಿವಿ ಒರೆಸಿ ಕಳಿಸುವುದೇ ಹನ್ನೊಂದು ವರ್ಷದಿಂದ ಅವಳ ಕಸುಬು. ಮೊಣಕೈವರೆಗೆ ಗೀರುಗಳು, ಯಾವ ಗೀರು ಯಾವ ಗಿರಾಕಿಯದೆಂದು ಕೇಳಿದರೆ ಥಟ್ಟನೆ ಹೇಳಿಯಾಳು. ಈಚೆಗೆ ಬೆಳಿಗ್ಗೆ ಏಳುವಾಗಲೇ ಅವಳ ಬಲಗೈ ಮಣಿಕಟ್ಟು ಊದಿಕೊಂಡಿರುತ್ತದೆ. ಬಟ್ಟೆ ಸುತ್ತಿಕೊಂಡು ಅಂಗಡಿ ತೆರೆಯುತ್ತಾಳೆ. ಬೆಕ್ಕುಗಳಿಗೆ ಅವಳ ಮೇಲೆ ಅಂಥ ಕನಿಕರವೇನಿಲ್ಲ.

ಅವಳದೊಂದು ಕಟ್ಟುನಿಟ್ಟು: ಸಿಕ್ಕಿಗೆ ಕತ್ತರಿ ಇಡಬಾರದು. ಬೆಕ್ಕಿನ ಚರ್ಮ ಬಲು ತೆಳು. ಸಿಕ್ಕನ್ನೆಳೆದರೆ ಅದೂ ಜೊತೆಗೆ ಮೇಲೆದ್ದು ಬರುತ್ತದೆ. ಕತ್ತರಿಗೆ ಕೂದಲೂ ಒಂದೇ, ಚರ್ಮವೂ ಒಂದೇ. ಪೌಡರ್ ಉದುರಿಸಿ, ಬುಡವನ್ನು ಬೆರಳಲ್ಲಿ ಹಿಡಿದು, ತುದಿಯಿಂದ ಬಾಚಿ ಬಾಚಿ ಬಿಡಿಸಬೇಕು. ಒಂದಕ್ಕೆ ಹದಿನೈದು ನಿಮಿಷ.

ಆ ಶನಿವಾರ ಐದು ಬೆಕ್ಕು ಮುಗಿದ ಮೇಲೆ ಮೇಜಿಗೇರಿದವನು ಸಾಹೇಬ, ನಿವೃತ್ತ ಟೀಚರೊಬ್ಬರ ಬಿಳಿ ಬೆಕ್ಕು. ಅಂಗಡಿಗೆ ಬರುವ ಬೆಕ್ಕುಗಳಲ್ಲಿ ಅರ್ಧದಷ್ಟು ಟೀಚರ ಬಾಯಿಮಾತಿನಿಂದಲೇ ಬಂದವು. ಅವರು ಮುನಿದರೆ ಅಷ್ಟೂ ಬಂದ ದಾರಿ ಹಿಡಿಯುತ್ತವೆ. ಅಂಗಡಿಯಲ್ಲಿ ಕೈಜೋಡಿಸುವ ನಾದಿನಿ ಸಾಹೇಬನನ್ನು ಟವೆಲ್ ಸುತ್ತಿ ಹಿಡಿದಳು. ಹೊಟ್ಟೆಯಡಿ ಏಳು ಸಿಕ್ಕು. ಆರು ಬಿಡಿಸುವಷ್ಟರಲ್ಲಿ ಬೆಕ್ಕಕ್ಕನ ಬೆರಳು ಮಾತು ಕೇಳದಾದವು. ಏಳನೆಯದಕ್ಕೆ ಕೈ ತಾನಾಗಿ ಕತ್ತರಿಯ ಕಡೆ ಹೋಯಿತು.

ಸಾಹೇಬ ಕೂಗಲೂ ಇಲ್ಲ. ಉಗುರಗಲದ ಸೀಳು, ಎರಡು ಹನಿ ರಕ್ತ.

“ಕೂದಲು ಮುಚ್ಕೊಳ್ಳುತ್ತೆ ಬಿಡಿ ಅತ್ತಿಗೆ,” ಎಂದಳು ನಾದಿನಿ. “ಕೇಳಿದ್ರೆ ತಾನೇ ಕೆರ್ಕೊಂಡ ಅನ್ನಿ. ಇವನೇನು ಸಾಕ್ಷಿ ಹೇಳ್ತಾನಾ?”

“ಕೀವು ಕಟ್ಕೊಂಡ್ರೆ ಅದೇ ಹೇಳುತ್ತೆ.”

“ನಿಮ್ಗೆ ಅಂಗಡಿ ಬೇಡ್ವಾ?”

ವಾದಕ್ಕೂ ಒಂದಿಷ್ಟು ತ್ರಾಣ ಬೇಕು. ಬೆಕ್ಕಕ್ಕ ಗಾಯ ತೊಳೆದು, ಟೀಚರಿಗೆ ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬುಟ್ಟಿ ಎತ್ತಿಕೊಂಡು ಪಶುವೈದ್ಯರಲ್ಲಿಗೆ ನಡೆದಳು. ಟೀಚರೂ ಅಲ್ಲಿಗೇ ಬಂದರು. ವೈದ್ಯರು ಎರಡು ಹೊಲಿಗೆ ಹಾಕುವವರೆಗೂ ಅವರು ತಪ್ಪು ಉತ್ತರ ತಿದ್ದುವ ಮುಖ ಹೊತ್ತು ನಿಂತಿದ್ದರು.

“ಕತ್ತರಿ ಮುಟ್ಟಲ್ಲ ಅಂತ ನೀನೇ ಅಲ್ವಾ ಹೇಳಿದ್ದು?”

“ಹೌದು ಟೀಚರ್. ಕೈ ಸೋತಿತ್ತು. ನಾಳೆ ತನ್ನಿ ಅನ್ಬೇಕಿತ್ತು, ಅನ್ಲಿಲ್ಲ.”

“ನಾನು ಬೇರೆ ಕಡೆ ಹೋಗ್ಬಹುದು.”

“ಹೋಗ್ಬಹುದು.”

ಟೀಚರು ಸಾಹೇಬನನ್ನು ಬುಟ್ಟಿಗೆ ಇಳಿಸಿದರು. “ಅಲ್ಲಿ ಕುಯ್ದ್ರೆ ಅವ್ರು ಹೇಳ್ತಾರೆ ಅಂತ ಏನು ಗ್ಯಾರಂಟಿ? ನಿನ್ನ ಹತ್ರಾನೇ ತರ್ತೀನಿ. ಆದ್ರೆ ಇನ್ಮೇಲೆ ಪಕ್ಕದಲ್ಲೇ ಕೂತು ನೋಡ್ತೀನಿ.”

ಬೆಕ್ಕಕ್ಕನ ಎದೆಯ ಭಾರ ಅರ್ಧ ಇಳಿದು, ಇನ್ನರ್ಧ ಅಲ್ಲೇ ಕೂತಿತು. ಸಾಕಿದವರು ಎದುರಿಗಿದ್ದರೆ ಎಂಥ ಬೆಕ್ಕೂ ತವರಿನವರನ್ನು ಕಂಡ ಸೊಸೆಯಂತೆ ದೂರು ಹೇಳತೊಡಗುತ್ತದೆ. ಅರ್ಧ ಗಂಟೆಯ ಕೆಲಸ ಒಂದೂವರೆ ಗಂಟೆ ಎಳೆಯುತ್ತದೆ. ಅದಕ್ಕೇ ಅವಳು ಇಷ್ಟು ವರ್ಷ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ.

ಮುಂದಿನ ತಿಂಗಳು ಟೀಚರು ಹೇಳಿದ ಹೊತ್ತಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು. ಸಾಹೇಬ ಅವರತ್ತ ತಿರುಗಿ ರಾಗ ತೆಗೆದ.

“ನೀರು ಬಿಸಿ ಜಾಸ್ತಿ ಆಯ್ತೇನೋ.”

“ಇಲ್ಲ ಟೀಚರ್.”

“ಆ ಕಿವಿ ಇನ್ನೊಂದ್ಸಲ ಒರೆಸು.”

ಬೆಕ್ಕಕ್ಕ ಒರೆಸಿದ ಕಿವಿಯನ್ನೇ ಮತ್ತೆ ಒರೆಸಿದಳು. ಹೊರಗೆ ಬೆಂಚಿನ ಮೇಲೆ ಇನ್ನೆರಡು ಬುಟ್ಟಿಗಳು ಕಾಯುತ್ತಿದ್ದವು. ಅವುಗಳನ್ನು ತಂದವರು ಒಳಗೆ ಇಣುಕಿ, ತಮಗೂ ಸ್ಟೂಲ್ ಇದೆಯೇ ಎಂದು ನಾದಿನಿಯನ್ನು ಕೇಳಿದರು.